ಅನ್ನ ಕಡಿಮೆ ಮಾಡುವ ಮೊದಲು: ಕಾಸರಗೋಡಿನ ಅಡುಗೆಮನೆಗೆ ಒಂದು ಲೆಕ್ಕ

ಬೆಳಿಗ್ಗೆ ನೀರುದೋಸೆ ಅಥವಾ ಪುಂಡಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಎಷ್ಟೋ ಮನೆಗಳಲ್ಲಿ ಮೂರು ಹೊತ್ತೂ ಅಕ್ಕಿಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಮಂದಿಗೆ ಸಕ್ಕರೆ ಕಾಯಿಲೆ ಇದೆ. ಕೇರಳದಲ್ಲಿ ಅದು ಶೇ. 25.5. ಅಂದರೆ ನಾಲ್ವರಲ್ಲಿ ಒಬ್ಬರು. ಹೀಗಾಗಿ "ಅನ್ನ ಕಡಿಮೆ ಮಾಡಿ" ಎಂಬ ಮಾತು ಆಸ್ಪತ್ರೆಯಲ್ಲೂ ಮದುವೆ ಮನೆಯಲ್ಲೂ ಕೇಳಿಸುತ್ತದೆ. ಎಷ್ಟು ಕಡಿಮೆ, ಅದರ ಜಾಗಕ್ಕೆ ಏನು, ಯಾರು ಮಾಡಕೂಡದು ಎಂಬುದನ್ನು ಮಾತ್ರ ಯಾರೂ ಕೂತು ಹೇಳುವುದಿಲ್ಲ. ಹಾಗಾಗಿಯೇ ಕೆಲವರು ಒಂದೇ ದಿನ ಅನ್ನ ಪೂರ್ತಿ ಬಿಟ್ಟು ನಾಲ್ಕನೇ ದಿನ ತಲೆಸುತ್ತಿ ಬೀಳುತ್ತಾರೆ. ಇನ್ನು ಕೆಲವರು ಅನ್ನದ ಬದಲು ಅಷ್ಟೇ ಚಪಾತಿ ತಿಂದು, ತಿಂಗಳ ಬಳಿಕ ಸಕ್ಕರೆ ಇಳಿಯಲಿಲ್ಲ ಎಂದು ಕೈಬಿಡುತ್ತಾರೆ.

ಈ ಲೇಖನದಲ್ಲಿ ಪಿಷ್ಟ ಎಂದರೆ ಕಾರ್ಬೋಹೈಡ್ರೇಟ್: ಅಕ್ಕಿ, ಗೋಧಿ, ಗೆಣಸು, ಬೆಲ್ಲ, ಸಕ್ಕರೆ, ಹಣ್ಣಿನ ಸಿಹಿ ಎಲ್ಲವೂ ಅದರಲ್ಲಿ ಸೇರಿದವು.

ಎಷ್ಟಕ್ಕೆ "ಕಡಿಮೆ" ಎನ್ನುತ್ತಾರೆ

ದಿನಕ್ಕೆ 20ರಿಂದ 50 ಗ್ರಾಂ ಪಿಷ್ಟ ತಿನ್ನುವುದು ಕೀಟೋ ಪದ್ಧತಿ. ಒಂದು ಸಾಧಾರಣ ಬಟ್ಟಲು ಅನ್ನ ಉಂಡರೆ ಆ ದಿನದ ಪಾಲು ಮುಗಿಯಿತು. 130 ಗ್ರಾಂಗಿಂತ ಕೆಳಗಿನದನ್ನು ಕಡಿಮೆ ಪಿಷ್ಟದ ಊಟ ಎನ್ನುತ್ತಾರೆ. ದಿನದ ಶಕ್ತಿಯಲ್ಲಿ ಶೇ. 45ರೊಳಗೆ ಪಿಷ್ಟದಿಂದ ಬಂದರೆ ಅದು ಮಧ್ಯಮ ಮಟ್ಟ. ನಮ್ಮಲ್ಲಿ ಮೂರು ಹೊತ್ತೂ ಅಕ್ಕಿ ಉಣ್ಣುವವರ ಲೆಕ್ಕ ಹಾಕಿದರೆ 350 ಗ್ರಾಂ ಸುಲಭವಾಗಿ ದಾಟುತ್ತದೆ. ಹಾಗಾಗಿ 350ರಲ್ಲಿರುವವರು 150-175ಕ್ಕೆ ಇಳಿದರೆ ಅದೇ ದೊಡ್ಡ ಬದಲಾವಣೆ. ಕಾಸರಗೋಡಿನ ಸಾಮಾನ್ಯ ಮನೆಗೆ ನಾವು ಹೇಳುವುದೂ ಅದನ್ನೇ. ಕೀಟೋ ಬೇಕಾದವರು ವೈದ್ಯರ ಮತ್ತು ಆಹಾರತಜ್ಞರ ಕಣ್ಗಾವಲಿನಲ್ಲಿ ಮಾತ್ರ ಮಾಡಬೇಕು.

ಪ್ರಯೋಜನ ಎಷ್ಟು ನಿಜ

ಟೈಪ್ 2 ಸಕ್ಕರೆ ಕಾಯಿಲೆ ಇರುವವರಿಗೆ ಪಿಷ್ಟ ಇಳಿಸಿದರೆ ಊಟದ ನಂತರದ ಸಕ್ಕರೆ ಇಳಿಯುತ್ತದೆ. ಇದರಲ್ಲಿ ಅನುಮಾನವಿಲ್ಲ, ರಕ್ತಕ್ಕೆ ಬರುವ ಗ್ಲೂಕೋಸಿನ ಮುಖ್ಯ ಮೂಲವೇ ಅದು. 23 ಪ್ರಯೋಗಗಳನ್ನು ಒಟ್ಟುಗೂಡಿಸಿದ 2021ರ ಒಂದು ವಿಶ್ಲೇಷಣೆಯಲ್ಲಿ, ಆರು ತಿಂಗಳಲ್ಲಿ ಎಚ್‌ಬಿಎ1ಸಿ (ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ) ಶೇ. 6.5ರ ಕೆಳಗೆ ಇಳಿದವರು ಕಡಿಮೆ ಪಿಷ್ಟದ ಗುಂಪಿನಲ್ಲಿ ಶೇ. 57, ಬೇರೆ ಪಥ್ಯದವರಲ್ಲಿ ಶೇ. 31. ಆದರೆ ವರ್ಷ ತುಂಬುವಾಗ ಈ ಅಂತರ ಬಹಳಷ್ಟು ಕರಗಿತ್ತು. ಕಟ್ಟುನಿಟ್ಟಿನ ಪಥ್ಯವನ್ನು ಜನ ವರ್ಷವಿಡೀ ಹಿಡಿದು ನಿಲ್ಲುವುದು ಕಷ್ಟ.

ತೂಕದ ವಿಷಯದಲ್ಲಿ ಇಷ್ಟು ಮೇಲುಗೈ ಇಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯನ್ನು ಒಂದು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಡಿಮೆ ಪಿಷ್ಟದವರು ಸರಾಸರಿ 6 ಕಿಲೋ, ಕಡಿಮೆ ಕೊಬ್ಬಿನವರು 5.3 ಕಿಲೋ ಇಳಿದರು. ಅದು ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ. ಮೊದಲ ವಾರ ತಕ್ಕಡಿಯಲ್ಲಿ ಒಂದೆರಡು ಕಿಲೋ ಇಳಿದುದನ್ನು ಕಂಡು ಹಿಗ್ಗುವವರು ಇದನ್ನು ತಿಳಿದಿರಲಿ: ದೇಹ ಸಕ್ಕರೆಯ ದಾಸ್ತಾನಾಗಿ ಕೂಡಿಟ್ಟ ಗ್ಲೈಕೋಜನ್‌ನ ಒಂದೊಂದು ಗ್ರಾಂ ಜತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಮೊದಲು ಹೋಗುವುದು ಆ ನೀರು.

ದೀರ್ಘ ಕಾಲದ ಆಯುಷ್ಯದ ಬಗ್ಗೆ 2018ರಲ್ಲಿ ಬಂದ ಅಮೆರಿಕದ ಒಂದು ದೊಡ್ಡ ಅವಲೋಕನದಲ್ಲಿ, ಶಕ್ತಿಯ ಶೇ. 40ಕ್ಕಿಂತ ಕಡಿಮೆ ಪಿಷ್ಟ ತಿಂದವರಲ್ಲೂ ಶೇ. 70ಕ್ಕಿಂತ ಹೆಚ್ಚು ತಿಂದವರಲ್ಲೂ ಸಾವಿನ ಪ್ರಮಾಣ ಹೆಚ್ಚಾಗಿತ್ತು, ಶೇ. 50-55ರ ಆಸುಪಾಸಿನಲ್ಲಿ ಅತಿ ಕಡಿಮೆ. ಪಿಷ್ಟದ ಜಾಗಕ್ಕೆ ಮಾಂಸ, ಬೆಣ್ಣೆ ತಂದವರಿಗೆ ಅಪಾಯ ಏರಿತ್ತು; ಕಾಳು, ಬೀಜ, ತರಕಾರಿ ತಂದವರಿಗೆ ಇಳಿದಿತ್ತು. ಇದು ಅವಲೋಕನವಷ್ಟೇ, ಕಾರಣವನ್ನು ಸಾಬೀತು ಮಾಡುವ ಪ್ರಯೋಗವಲ್ಲ. ಆದರೂ ಇದು ಕಲಿಸುವ ಪಾಠವನ್ನು ನಮ್ಮ ಊಟಕ್ಕೆ ಧಾರಾಳವಾಗಿ ಅನ್ವಯಿಸಬಹುದು: ತೆಗೆದ ಅನ್ನದಷ್ಟೇ, ಅದರ ಜಾಗಕ್ಕೆ ಬಂದದ್ದೂ ಮುಖ್ಯ.

ಮೊದಲ ಕೆಲಸ: ಮಾತ್ರೆಯ ಪಟ್ಟಿ

ಅಕ್ಕಿಯ ಡಬ್ಬಕ್ಕೆ ಕೈ ಹಾಕುವ ಮೊದಲು ಮಾತ್ರೆಯ ಪೆಟ್ಟಿಗೆ ತೆರೆಯಿರಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ನಮ್ಮ ಕಡೆ ಒಂದು ವಿಶೇಷ ತೊಡಕಿದೆ. ಮಂಗಳೂರಿನ ವೈದ್ಯರು ಬರೆದದ್ದು ಒಂದು ಚೀಟಿ, ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಸಿಗುವ ಮಾತ್ರೆ ಇನ್ನೊಂದು. ಎರಡು ಕಂಪೆನಿಯ ಹೆಸರಿನಲ್ಲಿ ಒಂದೇ ಔಷಧ ಇಮ್ಮಡಿಯಾಗಿ ಹೊಟ್ಟೆ ಸೇರುವುದುಂಟು. ಸ್ಟ್ರಿಪ್ಪಿನ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪೆನಿ ಇಟ್ಟ ಹೆಸರು. ಅದರ ಹತ್ತಿರ ಸಣ್ಣ ಅಕ್ಷರದಲ್ಲಿರುವ ಔಷಧದ ನಿಜವಾದ ಹೆಸರನ್ನೂ ಮಿಲಿಗ್ರಾಂ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಓದಲು ಆಗದಿದ್ದರೆ ಔಷಧದಂಗಡಿಯವರಲ್ಲಿ ಬರೆಸಿ. ಆಮೇಲೆ ಈ ಹೆಸರುಗಳನ್ನು ಹುಡುಕಿ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್: ಇವು ಊಟ ಬರಲಿ ಬಾರದಿರಲಿ ಇನ್ಸುಲಿನ್ ಹೊರಡಿಸುತ್ತವೆ. ಅನ್ನ ಅರ್ಧವಾಗಿ ಮಾತ್ರೆ ಹಾಗೇ ಉಳಿದರೆ ಸಕ್ಕರೆ ಡೆಸಿಲೀಟರಿಗೆ 70 ಮಿ.ಗ್ರಾಂ.ಗಿಂತ ಕೆಳಗೆ ಕುಸಿಯಬಹುದು. ಬೆವರು, ನಡುಕ, ಎದೆ ಹೊಡೆತ, ಗೊಂದಲ ಅದರ ಲಕ್ಷಣ. ಮೆಟ್‌ಫಾರ್ಮಿನ್ ಜತೆ ಗ್ಲಿಮೆಪಿರೈಡ್ ಸೇರಿಸಿದ ಒಂದೇ ಮಾತ್ರೆಯನ್ನು ಬಹಳ ಮಂದಿ ನುಂಗುತ್ತಿದ್ದಾರೆ; "ನನ್ನದು ಬರೀ ಮೆಟ್‌ಫಾರ್ಮಿನ್" ಎಂದುಕೊಂಡಿರುತ್ತಾರೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ, ಇನ್ನೂ ಹೆಚ್ಚು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾಗಿ "ಗ್ಲಿಫ್ಲೋಜಿನ್" ಎಂದು ಮುಗಿಯುವ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಇವುಗಳ ಜತೆ ಪಿಷ್ಟವನ್ನು ತೀರಾ ಇಳಿಸಿದರೆ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿ ಪ್ರಾಣಕ್ಕೇ ಸಂಚಕಾರ ಬರಬಹುದು. ಆಗ ಗ್ಲೂಕೋಮೀಟರ್ 200ರ ಒಳಗೇ ತೋರಿಸಬಹುದಾದ್ದರಿಂದ ಮನೆಯವರೂ ಕೆಲವೊಮ್ಮೆ ಆಸ್ಪತ್ರೆಯವರೂ ಮೋಸ ಹೋಗುತ್ತಾರೆ. ಈ ಮಾತ್ರೆ ಇರುವವರಿಗೆ ಕೀಟೋ ಬೇಡವೇ ಬೇಡ.

ರಕ್ತದೊತ್ತಡದ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವಂಥದ್ದು ಇದ್ದರೆ ಮೊದಲ ವಾರಗಳಲ್ಲಿ ಒತ್ತಡ ತೀರಾ ಇಳಿಯಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಒಮ್ಮೆಲೇ ದಿನಕ್ಕೆರಡು ಹೊತ್ತು ಬಸಳೆ, ಹರಿವೆ, ನುಗ್ಗೆಸೊಪ್ಪು ತಿನ್ನತೊಡಗಿದರೆ ಸೊಪ್ಪಿನ ವಿಟಮಿನ್ ಕೆಯಿಂದ ಆ ಔಷಧದ ಬಲ ಕುಗ್ಗುತ್ತದೆ. ಅವರು ಸೊಪ್ಪಿನ ಪ್ರಮಾಣವನ್ನು ದಿನದಿಂದ ದಿನಕ್ಕೆ ಒಂದೇ ಮಟ್ಟದಲ್ಲಿ ಇಟ್ಟುಕೊಂಡು ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗ ನೋಡುವ) ಪರೀಕ್ಷೆ ಬೇಗ ಮಾಡಿಸಬೇಕು.

ಈ ಹಾಳೆ ಹಿಡಿದುಕೊಂಡು ವೈದ್ಯರಲ್ಲಿ ಒಂದೇ ಪ್ರಶ್ನೆ ಕೇಳಿ: "ನಾನು ಅನ್ನವನ್ನು ಅರ್ಧಕ್ಕೆ ಇಳಿಸುತ್ತೇನೆ, ಇದರಲ್ಲಿ ಯಾವ ಮಾತ್ರೆಯ ಪ್ರಮಾಣ ಇಳಿಸಬೇಕು?" ಉತ್ತರ ಸಿಗುವ ತನಕ ಊಟದಲ್ಲಿ ಬದಲಾವಣೆ ಬೇಡ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವುದೂ ಬೇಡ.

ಬಸುರಿಯರು, ಎದೆಹಾಲು ಕುಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಟೈಪ್ 1 ಸಕ್ಕರೆ ಕಾಯಿಲೆಯವರು, ಮೂತ್ರಪಿಂಡದ ತೊಂದರೆ ಮುಂದುವರಿದವರು, ಮೇದೋಜೀರಕ ಗ್ರಂಥಿಯ ಉರಿಯೂತ ಬಂದು ಹೋದವರು, ವಯಸ್ಸಾಗಿ ಸೊರಗಿದವರು ಮತ್ತು ಊಟದ ವಿಷಯದಲ್ಲಿ ಹಿಂದೆ ಮಾನಸಿಕ ತೊಂದರೆ ಅನುಭವಿಸಿದವರು ಈ ಲೇಖನ ನೋಡಿ ಪಥ್ಯ ಶುರು ಮಾಡಬಾರದು. ಮನೆಯ ಯಜಮಾನರಿಗೆ ಸಕ್ಕರೆ ಬಂತೆಂದು ಎಂಬತ್ತರ ಅಜ್ಜಿಯ ಗಂಜಿ ಬಟ್ಟಲನ್ನು ಸಣ್ಣದು ಮಾಡುವುದು ಅನ್ಯಾಯ.

ಎರಡನೆಯದು: ಆರಂಭದ ಅಂಕಿಗಳು

ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ, ಕೊಬ್ಬಿನ ಪರೀಕ್ಷೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಆಲ್ಬುಮಿನ್ ಇಷ್ಟನ್ನು ಮಾಡಿಸಿ. ಗೌಟ್ ಇದ್ದವರು ಯೂರಿಕ್ ಆಮ್ಲವನ್ನೂ ಸೇರಿಸಲಿ. ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5ರ ಮೇಲೆ ಕಾಯಿಲೆ. ರಕ್ತಹೀನತೆ ಇದ್ದರೆ ಈ ಅಂಕಿ ದಾರಿ ತಪ್ಪಿಸಬಹುದು, ಹಾಗಾಗಿ ಹಿಮೋಗ್ಲೋಬಿನ್ ಕೂಡ ನೋಡಿಸಿ. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ಬರೆದಿಡಿ. ನಮ್ಮವರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಅಪಾಯ ಹೆಚ್ಚು. ತಕ್ಕಡಿ ಅಲ್ಲಾಡದೆ ನಿಂತ ತಿಂಗಳಲ್ಲೂ ಟೇಪು ಇಳಿಯುವುದುಂಟು.

ಮೂರನೆಯದು: ಅಕ್ಕಿಯನ್ನು ಹಸಿಯಾಗಿರುವಾಗಲೇ ತೂಗಿ

ಬಟ್ಟಲಿಗೆ ಬಂದ ಅನ್ನವನ್ನು ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ. ಒಂದು ದಿನ ಮುದ್ದೆ, ಒಂದು ದಿನ ಉದುರು, ರಾತ್ರಿ ನೀರು ತುಂಬಿದ ಗಂಜಿ. ಪಾತ್ರೆಗೆ ಬೀಳುವ ಅಕ್ಕಿಯ ತೂಕ ಮಾತ್ರ ಸುಳ್ಳು ಹೇಳುವುದಿಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ. ಬೆಳ್ತಿಗೆಯಾಗಲಿ ಕುಚ್ಚಲಕ್ಕಿಯಾಗಲಿ ಈ ಅಂಕಿ ಹೆಚ್ಚುಕಡಿಮೆ ಒಂದೇ. ಕುಚ್ಚಲಕ್ಕಿ ಸಕ್ಕರೆಯನ್ನು ತುಸು ನಿಧಾನವಾಗಿ ಏರಿಸಬಹುದು, ಕೆಂಪು ತವುಡು ಉಳಿದಿದ್ದರೆ ನಾರು ಸ್ವಲ್ಪ ಹೆಚ್ಚು. ಆದರೆ ಎರಡು ಬಟ್ಟಲು ಉಣ್ಣಲು ಅದು ಪರವಾನಗಿಯಲ್ಲ.

ನಿಮ್ಮ ಮನೆಯ ಕುಡ್ತೆಯಲ್ಲಿ ಎಷ್ಟು ಗ್ರಾಂ ಅಕ್ಕಿ ಹಿಡಿಯುತ್ತದೆ ಎಂದು ಅಂಗಡಿಯ ತಕ್ಕಡಿಯಲ್ಲಾದರೂ ಒಮ್ಮೆ ತೂಗಿಸಿ, ಆ ಅಂಕಿಯನ್ನು ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಬರೆದಿಡಿ. ನೀರುದೋಸೆಗೂ ಇದೇ ಉಪಾಯ: ಅರ್ಧ ಕಿಲೋ ಬೆಳ್ತಿಗೆ ನೆನೆಹಾಕಿ 32 ದೋಸೆ ಎದ್ದರೆ, 390 ಗ್ರಾಂ ಪಿಷ್ಟವನ್ನು 32ರಿಂದ ಭಾಗಿಸಿ, ಒಂದು ದೋಸೆಗೆ 12 ಗ್ರಾಂ. ಪುಂಡಿ, ಒತ್ತುಶ್ಯಾವಿಗೆ, ಪುಟ್ಟು, ಪತ್ತಿರಿ ಎಲ್ಲಕ್ಕೂ ಹೀಗೇ ಲೆಕ್ಕ ಹಾಕಬಹುದು.

ಒಂದು ವಾರ ಏನನ್ನೂ ಬದಲಿಸದೆ ಹೀಗೆ ಬರೆಯಿರಿ. ಬೆಳಗಿನ ದೋಸೆಗೆ ತಲೆಗೆ 120 ಗ್ರಾಂ, ಮಧ್ಯಾಹ್ನ 150 ಗ್ರಾಂ, ರಾತ್ರಿ 120 ಗ್ರಾಂ ಅಕ್ಕಿ ಇದ್ದರೆ ಅಕ್ಕಿಯಿಂದಲೇ 300 ಗ್ರಾಂ ಪಿಷ್ಟ ಆಯಿತು. ಮೂರು ಚಹಾಕ್ಕೆ ಎರಡೆರಡು ಚಮಚ ಸಕ್ಕರೆ ಸೇರಿದರೆ ಇನ್ನೂ 30. ಸಂಜೆಯ ಒಂದು ಪರೋಟಕ್ಕೆ ಸುಮಾರು 40.

ಅಕ್ಕಿಯಲ್ಲದ ಪಿಷ್ಟವನ್ನೂ ಮರೆಯಬೇಡಿ. 100 ಗ್ರಾಂ ಹಸಿ ಮರಗೆಣಸಿನಲ್ಲಿ ಸುಮಾರು 38 ಗ್ರಾಂ ಪಿಷ್ಟ ಇದೆ. ಅನ್ನದ ಪಕ್ಕ ಅದನ್ನು ಪಲ್ಯವೆಂದು ಬಡಿಸುವುದು ಅನ್ನಕ್ಕೆ ಅನ್ನ ಕೂಡಿಸಿದಂತೆ. ದೊಡ್ಡ ನೇಂದ್ರ ಬಾಳೆಹಣ್ಣಿನಲ್ಲಿ 45 ಗ್ರಾಂ ಇದ್ದೀತು. ಹಲಸಿನ ಹಣ್ಣಿನ ಸೊಳೆ 100 ಗ್ರಾಂಗೆ 23 ಗ್ರಾಂ. ಎಳೆಯ ಗುಜ್ಜೆಯಲ್ಲಿ ಇದರ ಅರ್ಧವೂ ಇಲ್ಲ, ಪಲ್ಯಕ್ಕೆ ಅದು ಒಳ್ಳೆಯದು. ಹಲಸಿನಕಾಯಿ ಹಿಟ್ಟಿನ ಬಗ್ಗೆ ಜಾಹೀರಾತು ಬಹಳ. ದಿನಕ್ಕೆ 30 ಗ್ರಾಂ ಅಕ್ಕಿ ಅಥವಾ ಗೋಧಿ ಹಿಟ್ಟಿನ ಬದಲು ಅಷ್ಟೇ ಹಲಸಿನಕಾಯಿ ಹಿಟ್ಟು ಕೊಟ್ಟ 12 ವಾರಗಳ ಒಂದು ಸಣ್ಣ ಪ್ರಯೋಗದಲ್ಲಿ ಎಚ್‌ಬಿಎ1ಸಿ ಇಳಿದದ್ದು ನಿಜ. ಆದರೆ ಅಲ್ಲಿದ್ದವರು 40 ಮಂದಿ. "ಬದಲು" ಎಂಬುದನ್ನು ಮರೆತು ದೋಸೆಗೆ ಮೇಲಿಂದ ಸೇರಿಸಿಕೊಂಡರೆ ಏನೂ ಸಿಗದು. ತೆಂಗಿನ ಕಲ್ಪರಸದಿಂದ ಮಾಡಿದ ಸಕ್ಕರೆ, ಜೇನು, ಬೆಲ್ಲ ಎಲ್ಲವೂ ಲೆಕ್ಕಕ್ಕೆ ಸಕ್ಕರೆಯೇ.

ನಾಲ್ಕನೆಯದು: ಅರ್ಧ ತೆಗೆದು, ಜಾಗ ತುಂಬಿ

ಇಲ್ಲಿಯೇ ಹೆಚ್ಚಿನವರು ಎಡವುವುದು. ಅನ್ನ ತೆಗೆದ ಜಾಗ ಖಾಲಿ ಉಳಿದರೆ ಸಂಜೆ ಐದಕ್ಕೆ ಹಸಿವು ಕೆರಳಿ ಬೇಕರಿಯ ಬನ್ಸ್, ಗೋಳಿಬಜೆ, ಬಾಳೆಕಾಯಿ ಚಿಪ್ಸ್ ಒಳಗೆ ಹೋಗುತ್ತವೆ. ಇನ್ನೊಂದು ತಪ್ಪು, ಅಕ್ಕಿಯ ಬದಲು ಅಷ್ಟೇ ಗೋಧಿ ಅಥವಾ ರಾಗಿ ತಿನ್ನುವುದು. ಅವುಗಳ ಹಿಟ್ಟಿನಲ್ಲೂ 100 ಗ್ರಾಂಗೆ 65-70 ಗ್ರಾಂ ಪಿಷ್ಟ ಇದೆ. ದೇಶವ್ಯಾಪಿ ಸಮೀಕ್ಷೆಯ ಊಟದ ಅಂಕಿಅಂಶಗಳನ್ನು ಪರಿಶೀಲಿಸಿ 2025ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳುವುದೂ ಇದನ್ನೇ: ಭಾರತೀಯರ ಶಕ್ತಿಯ ಶೇ. 62ರಷ್ಟು ಪಿಷ್ಟದಿಂದ ಬರುತ್ತಿದೆ. ಬರೀ ಧಾನ್ಯ ಬದಲಿಸಿದ್ದರಿಂದ ಅಪಾಯ ಕಡಿಮೆಯಾದದ್ದು ಕಾಣಲಿಲ್ಲ, ಪಿಷ್ಟದ ಒಂದು ಪಾಲನ್ನು ಬೇಳೆಕಾಳು ಅಥವಾ ಹಾಲು-ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ಕಡಿಮೆಯಾಗಿತ್ತು.

ಪ್ರೋಟೀನ್ ದೇಹದ ತೂಕದ ಪ್ರತಿ ಕಿಲೋಗೆ ಕನಿಷ್ಠ 0.83 ಗ್ರಾಂ ಬೇಕೆಂದು ಐಸಿಎಂಆರ್ ಹೇಳುತ್ತದೆ. 60 ಕಿಲೋ ತೂಕದವರಿಗೆ 50 ಗ್ರಾಂ. 100 ಗ್ರಾಂ ಬೂತಾಯಿ ಅಥವಾ ಬಂಗುಡೆಯಲ್ಲಿ 20 ಗ್ರಾಂ, ಒಂದು ಮೊಟ್ಟೆಯಲ್ಲಿ 6, 30 ಗ್ರಾಂ ಒಣ ಹೆಸರು ಅಥವಾ ಹುರುಳಿಯಲ್ಲಿ 7, 30 ಗ್ರಾಂ ನೆಲಗಡಲೆಯಲ್ಲಿ 7, 50 ಗ್ರಾಂ ಪನೀರಿನಲ್ಲಿ 9, 200 ಗ್ರಾಂ ಮೊಸರಿನಲ್ಲಿ 6-7 ಗ್ರಾಂ. ರೇಷನ್ ಅಕ್ಕಿ ಅಗ್ಗ, ಪ್ರೋಟೀನ್ ದುಬಾರಿ ಎಂಬುದು ನಿಜವಾದ ಅಡ್ಡಿ. ಅದಕ್ಕೆ ಹುರುಳಿ, ಕಡಲೆ, ಮೊಟ್ಟೆ, ಬೂತಾಯಿಗಳೇ ಅಗ್ಗದ ಉತ್ತರ. ಜೂನ್ ಎರಡನೇ ವಾರದಿಂದ ಜುಲೈ ಕೊನೆಯವರೆಗೆ ಟ್ರಾಲಿಂಗ್ ನಿಷೇಧವಿದ್ದು ಮೀನಿನ ಬೆಲೆ ಏರುವಾಗ ಕಾಳು, ಮೊಟ್ಟೆಗೆ ತಿರುಗಿ. ಆ ದಿನಗಳಲ್ಲಿ ಒಣಮೀನನ್ನೇ ನೆಚ್ಚಿಕೊಂಡರೆ ಉಪ್ಪು ಮಿತಿಮೀರುತ್ತದೆ.

ದಿನದ ಒಂದು ಮಾದರಿ ಹೀಗಿರಬಹುದು. ಬೆಳಿಗ್ಗೆ 50 ಗ್ರಾಂ ಅಕ್ಕಿಯ ನೀರುದೋಸೆ, ಅಂದರೆ ಮೇಲಿನ ಅಳತೆಯಲ್ಲಿ ಮೂರು, ಜತೆಗೆ 30 ಗ್ರಾಂ ಒಣ ಕಡಲೆಯ ಗಸಿ, ಒಂದು ಮೊಟ್ಟೆ. ಕಾಯಿಬೆಲ್ಲ ಬೇಡ. ಮಧ್ಯಾಹ್ನ 50 ಗ್ರಾಂ ಕುಚ್ಚಲಕ್ಕಿಯ ಅನ್ನ, ಬೇಳೆ ಹಾಕಿದ ಕೊದಿಲು, ತಟ್ಟೆಯ ಅರ್ಧ ತುಂಬುವಷ್ಟು ಹರಿವೆ, ಅಲಸಂಡೆ, ತೊಂಡೆಕಾಯಿ, ಪಡವಲ, ಹಾಗಲ ಯಾವುದಾದರೂ ಪಲ್ಯ, 100 ಗ್ರಾಂ ಮೀನು. ಸಂಜೆ ಸಕ್ಕರೆ ಇಲ್ಲದ ಚಹಾ, ಒಂದು ಮುಷ್ಟಿ ಹುರಿದ ನೆಲಗಡಲೆ. ರಾತ್ರಿ 30 ಗ್ರಾಂ ಅಕ್ಕಿಯ ಗಂಜಿ, 30 ಗ್ರಾಂ ಹೆಸರಿನ ಪಲ್ಯ, ಒಂದು ತಂಬುಳಿ. ಒಟ್ಟು ಪಿಷ್ಟ 165-175 ಗ್ರಾಂ, ಪ್ರೋಟೀನ್ ಸುಮಾರು 60 ಗ್ರಾಂ. ಮೀನು, ಮೊಟ್ಟೆ ತಿನ್ನದ ಮನೆಗಳಲ್ಲಿ ಅವುಗಳ ಜಾಗಕ್ಕೆ 50 ಗ್ರಾಂ ಪನೀರ್ ಮತ್ತು ದೊಡ್ಡ ಬಟ್ಟಲು ಮೊಸರು ಬಂದರೆ ಪ್ರೋಟೀನ್ 50ಕ್ಕೆ ನಿಲ್ಲುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದ್ದರೆ ಅಥವಾ ಕ್ರಿಯಾಟಿನಿನ್ ಏರಿದ್ದರೆ ಪ್ರೋಟೀನ್ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಇದು ಕುಳಿತು ಕೆಲಸ ಮಾಡುವವರ ಲೆಕ್ಕ. ದಿನವಿಡೀ ತೋಟದಲ್ಲಿ ಅಗೆಯುವವರು, ಅಡಿಕೆ ಮರ ಹತ್ತಿ ಮದ್ದು ಬಿಡುವವರು ಇಷ್ಟರಲ್ಲಿ ನಿಲ್ಲುವುದು ತರವಲ್ಲ, ಮರದ ಮೇಲೆ ಕೈಕಾಲು ಸೋತರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಅಂಥವರು ಕೆಲಸದ ದಿನ ಬೆಳಗಿನ ಮತ್ತು ಮಧ್ಯಾಹ್ನದ ಅಕ್ಕಿಯನ್ನು 80 ಗ್ರಾಂವರೆಗೆ ಇಟ್ಟುಕೊಳ್ಳಲಿ, ರಾತ್ರಿಯದನ್ನು ಮಾತ್ರ ಇಳಿಸಲಿ.

ಒಂದೇ ದಿನ ಇಷ್ಟಕ್ಕೆ ಇಳಿಯಬೇಡಿ. ಮೊದಲ ವಾರ ಸಕ್ಕರೆ, ಬಿಸ್ಕತ್ತು, ಜ್ಯೂಸ್ ಬಿಡಿ. ಎರಡನೇ ವಾರ ರಾತ್ರಿಯ ಅಕ್ಕಿ ಇಳಿಸಿ. ಮೂರನೇ ವಾರ ಬೆಳಗಿನದು, ನಾಲ್ಕನೇ ವಾರ ಮಧ್ಯಾಹ್ನದ್ದು. ಮಾತ್ರೆಯ ಪ್ರಮಾಣವನ್ನು ಹೊಂದಿಸಲು ವೈದ್ಯರಿಗೂ ಆಗ ಸಮಯ ಸಿಗುತ್ತದೆ.

ತೆಂಗು: ನಮ್ಮ ಊಟದ ದೊಡ್ಡ ಪ್ರಶ್ನೆ

ಕಡಿಮೆ ಪಿಷ್ಟದ ಪಥ್ಯ ಹೇಳಿಕೊಡುವ ವಿಡಿಯೋಗಳಲ್ಲಿ ತೆಂಗಿನೆಣ್ಣೆಯನ್ನು ಚಮಚಗಟ್ಟಲೆ ಕುಡಿಯಿರಿ ಎನ್ನುತ್ತಾರೆ. ಕಲ್ಪವೃಕ್ಷದ ನಾಡಿನವರಿಗೆ ಕೇಳಲು ಹಿತ. ಆದರೆ ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಸುಮಾರು ಶೇ. 90 ಸ್ಯಾಚುರೇಟೆಡ್ ಜಾತಿಯದು. ಹಲವು ಪ್ರಯೋಗಗಳನ್ನು ಒಟ್ಟು ಮಾಡಿ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬೇರೆ ಸಸ್ಯಜನ್ಯ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ (ಕೆಟ್ಟ) ಕೊಲೆಸ್ಟರಾಲನ್ನು ಡೆಸಿಲೀಟರಿಗೆ ಸುಮಾರು 10 ಮಿ.ಗ್ರಾಂ. ಹೆಚ್ಚಿಸಿತ್ತು. ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) ಕೂಡ ತುಸು ಏರುತ್ತದೆ, ಆದರೆ ಅದರಿಂದ ಹೃದಯಕ್ಕೆ ರಕ್ಷಣೆ ಸಿಗುತ್ತದೆ ಎಂದು ನಂಬಿ ಕೂರುವಂತಿಲ್ಲ.

ಇಂಥ ಕೊಬ್ಬು ದಿನದ ಶಕ್ತಿಯ ಶೇ. 10ರೊಳಗಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. 1600 ಕ್ಯಾಲೊರಿ ಉಣ್ಣುವವರಿಗೆ ಅದು ಸುಮಾರು 18 ಗ್ರಾಂ. ನಾಲ್ವರ ಮನೆಯಲ್ಲಿ ದಿನಕ್ಕೊಂದು ಸಾಧಾರಣ ಕಾಯಿ ಅರೆದರೆ ತಲೆಗೆ 60-70 ಗ್ರಾಂ ತುರಿ. ಅದರಲ್ಲೇ ಈ ಮಿತಿ ತುಂಬಿತು. ಅದರ ಮೇಲೆ ಒಗ್ಗರಣೆಗೆ, ಮೀನು ಹುರಿಯಲು ತೆಂಗಿನೆಣ್ಣೆ ಬಂದರೆ ಮಿತಿ ಮೀರಿದಂತೆ. ಕಾಯಿಯನ್ನೇ ಬಿಡಿ ಎಂದು ನಾವು ಹೇಳುವುದಿಲ್ಲ. ಕಾಯಿಯಲ್ಲಿ ನಾರೂ ಇದೆ, ಅದಿಲ್ಲದೆ ನಮ್ಮ ಅಡುಗೆಯೂ ಇಲ್ಲ. ನಾಲ್ವರಿಗೆ ಅರ್ಧ ಕಾಯಿ ಇಟ್ಟುಕೊಳ್ಳಿ, ತೆಂಗಿನೆಣ್ಣೆಯನ್ನು ಒಗ್ಗರಣೆಯ ಘಮಕ್ಕೆ ಒಂದು ಚಮಚಕ್ಕೆ ನಿಲ್ಲಿಸಿ, ಉಳಿದದ್ದಕ್ಕೆ ನೆಲಗಡಲೆ ಅಥವಾ ಎಳ್ಳೆಣ್ಣೆ ಬಳಸಿ. ಮೀನನ್ನು ಹುರಿಯುವ ಬದಲು ಹೆಚ್ಚು ದಿನ ಸಾರು ಮಾಡಿ. ಮಜ್ಜಿಗೆ ಹಾಕಿದ ಮೇಲಾರ, ತಂಬುಳಿಗಳಲ್ಲಿ ಕಾಯಿ ಅರ್ಧ ಇಳಿಸಿದರೂ ರುಚಿ ಉಳಿಯುತ್ತದೆ.

ಮೊದಲ ಎರಡು ವಾರ

ಪಿಷ್ಟ ಇಳಿದಾಗ ಇನ್ಸುಲಿನ್ ಇಳಿಯುತ್ತದೆ, ಆಗ ಮೂತ್ರಪಿಂಡ ಹೆಚ್ಚು ಉಪ್ಪು, ನೀರು ಹೊರಬಿಡುತ್ತದೆ. ತಲೆನೋವು, ಎದ್ದಾಗ ತಲೆಸುತ್ತು, ಮೀನಖಂಡ ಹಿಡಿಯುವುದು ಇದರಿಂದಲೇ. ಕಾಸರಗೋಡಿನ ಏಪ್ರಿಲ್ ಸೆಕೆಯಲ್ಲಿ ಬೆವರೂ ಸೇರಿ ಇದು ಜಾಸ್ತಿ. ಉಪ್ಪು ಹಾಕಿದ ನೀರುಮಜ್ಜಿಗೆ ಎರಡು ಲೋಟ ಸಾಕಾಗುತ್ತದೆ. ಆದರೆ ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಉಪ್ಪು ಹೆಚ್ಚಿಸಬಾರದು. ತಲೆಸುತ್ತಿದರೆ ಒತ್ತಡ ಅಳೆಸಿ ಮಾತ್ರೆಯ ಬಗ್ಗೆ ಕೇಳಬೇಕು. ಮಲಬದ್ಧತೆ ಬಂದರೆ ಸೊಪ್ಪು, ಕಾಳು, ನೀರು ಸಾಲಲಿಲ್ಲ ಎಂದರ್ಥ.

ಸಕ್ಕರೆ 70ಕ್ಕಿಂತ ಇಳಿದರೆ ಪಥ್ಯವನ್ನು ಆ ಕ್ಷಣ ಮರೆಯಿರಿ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಏರದಿದ್ದರೆ ಮತ್ತೊಮ್ಮೆ ಕುಡಿಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬಾರದು, ಆಸ್ಪತ್ರೆಗೆ ಒಯ್ಯಬೇಕು.

ಗ್ಲೂಕೋಮೀಟರನ್ನು ಜೋಡಿಯಾಗಿ ಬಳಸಿ

ಮನಸ್ಸಿಗೆ ಬಂದ ಹೊತ್ತಿನಲ್ಲಿ ಚುಚ್ಚಿ ನೋಡಿದರೆ ಸ್ಟ್ರಿಪ್ಪು ದಂಡ. ಊಟಕ್ಕೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಮ್ಮೆ ನೋಡಿ, ಎರಡರ ಅಂತರ ಬರೆಯಿರಿ. ಸೋಮವಾರ ಮೂರು ನೀರುದೋಸೆ ಕಾಯಿಬೆಲ್ಲದ ಜತೆ, ಬುಧವಾರ ಅದೇ ಮೂರು ದೋಸೆ ಕಡಲೆ ಗಸಿಯ ಜತೆ. ನಿಮ್ಮ ದೇಹ ಯಾವುದಕ್ಕೆ ಹೇಗೆ ಸ್ಪಂದಿಸುತ್ತದೆ ಎಂದು ಎರಡೇ ದಿನದಲ್ಲಿ ಗೊತ್ತಾಗುತ್ತದೆ. ಹೆಚ್ಚಿನ ಸಕ್ಕರೆ ರೋಗಿಗಳಿಗೆ ಊಟಕ್ಕೆ ಮೊದಲು 80-130, ಆಮೇಲೆ 180ರ ಒಳಗೆ ಎಂಬುದು ಗುರಿ. ಚುಚ್ಚುವ ಮೊದಲು ಕೈಯನ್ನು ಸಾಬೂನು ಹಾಕಿ ತೊಳೆದು ಒರೆಸಿ. ಮಾವು, ಹಲಸು ಬಿಡಿಸಿದ ಬೆರಳಿನ ಸಿಹಿ ಅಂಕಿಯನ್ನು ಸುಳ್ಳೇ ಏರಿಸುತ್ತದೆ.

ಎಲೆಯ ಮುಂದೆ

ಮದುವೆ, ಉಪನಯನ, ದೇವಸ್ಥಾನದ ಅನ್ನಸಂತರ್ಪಣೆ ಇಲ್ಲದ ತಿಂಗಳಿಲ್ಲ. ಕೋಸಂಬರಿ, ಪಲ್ಯ, ಬೇಳೆ ಮೊದಲು ಉಂಡು ಅನ್ನವನ್ನು ಆಮೇಲೆ ಕಲಸಿದರೆ ಅದೇ ಊಟಕ್ಕೂ ಸಕ್ಕರೆ ಕಡಿಮೆ ಏರುತ್ತದೆ, ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಒಂದು ಸಲ ಅನ್ನ, ಪಾಯಸ ಅಥವಾ ಹೋಳಿಗೆಯಲ್ಲಿ ಒಂದು. ಮಧೂರಿನ ಅಪ್ಪ ಪ್ರಸಾದವನ್ನು ಒಂದು ತುಂಡು ತಿಂದರೆ ಪಥ್ಯ ಮುರಿಯುವುದಿಲ್ಲ, ಡಬ್ಬಿ ಮನೆಗೆ ಬಂದು ದಿನಕ್ಕೆರಡು ಹೋದರೆ ಮುರಿಯುತ್ತದೆ. ಹಿಂದಿನ ಹೊತ್ತು ಉಪವಾಸವಿದ್ದು ಸರಿದೂಗಿಸುವ ಅಭ್ಯಾಸ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಇರುವವರಿಗೆ ಅಪಾಯ. ಏಕಾದಶಿಗೂ ಇದೇ ಮಾತು.

ಜ್ವರ ಬಂದ ದಿನ

ಮಳೆಗಾಲದ ಜ್ವರ, ವಾಂತಿ, ಭೇದಿಯಲ್ಲಿ ಪಥ್ಯ ನಿಲ್ಲಿಸಿ. ಆಗ ಉಪ್ಪು ಹಾಕಿದ ತೆಳು ಗಂಜಿಯೇ ಸರಿ. ಗ್ಲಿಫ್ಲೋಜಿನ್ ಮಾತ್ರೆ, ಮೆಟ್‌ಫಾರ್ಮಿನ್ ಆ ದಿನಗಳಲ್ಲಿ ತಡೆಹಿಡಿಯಬೇಕೇ ಎಂದು ಆರೋಗ್ಯವಾಗಿರುವಾಗಲೇ ವೈದ್ಯರಲ್ಲಿ ಕೇಳಿ ಆ ಹಾಳೆಯಲ್ಲೇ ಬರೆಸಿಡಿ. ಇನ್ಸುಲಿನ್ ಮಾತ್ರ ತಾನಾಗಿ ನಿಲ್ಲಿಸಕೂಡದು. ವಾಂತಿ ನಿಲ್ಲದೆ, ಹೊಟ್ಟೆ ನೋಯುತ್ತ, ಉಸಿರು ಆಳವಾಗಿ ವೇಗವಾಗಿ ಬರುತ್ತಿದ್ದರೆ ಗ್ಲೂಕೋಮೀಟರ್ ಏನೇ ತೋರಿಸಲಿ, ಬೆಳಗಾಗಲಿ ಎಂದು ಕಾಯದೆ ಹತ್ತಿರದ ತುರ್ತು ಚಿಕಿತ್ಸೆಯ ಆಸ್ಪತ್ರೆಗೆ ಹೋಗಿ. ಮಂಗಳೂರಿಗೇ ಹೋಗಬೇಕೆಂಬ ಹಟ ಬೇಡ. "ಗ್ಲಿಫ್ಲೋಜಿನ್ ಮಾತ್ರೆ ಇದೆ, ಅನ್ನ ಕಡಿಮೆ ಮಾಡಿದ್ದೇವೆ, ಕೀಟೋನ್ ನೋಡಿ" ಎಂದು ಬಾಯಿಬಿಟ್ಟು ಹೇಳಿ.

ಮೂರು ತಿಂಗಳ ಬಳಿಕ

ಎಚ್‌ಬಿಎ1ಸಿ ಹಿಂದಿನ ಮೂರು ತಿಂಗಳ ಸರಾಸರಿ ತೋರಿಸುವುದರಿಂದ ಅದಕ್ಕಿಂತ ಮೊದಲು ಮಾಡಿಸಿ ಫಲವಿಲ್ಲ. ಆರಂಭದ ಪರೀಕ್ಷೆಗಳನ್ನೇ ಮತ್ತೆ ಮಾಡಿಸಿ ಹಳೆಯ ಹಾಳೆಯ ಪಕ್ಕ ಇಟ್ಟು ನೋಡಿ.

ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದ ಒಂದು ಬಗೆಯ ಕೊಬ್ಬು), ಸೊಂಟ ಮೂರೂ ಇಳಿದಿದ್ದರೆ ಇದೇ ಮಟ್ಟದಲ್ಲಿ ಮುಂದುವರಿಯಿರಿ, ಇನ್ನೂ ಇಳಿಸುವ ಆಸೆ ಬೇಡ. ಸಕ್ಕರೆ ಇಳಿದು ಎಲ್‌ಡಿಎಲ್ ಏರಿದ್ದರೆ ಅನ್ನ ಹೆಚ್ಚಿಸಬೇಕಾಗಿಲ್ಲ, ತೆಂಗಿನೆಣ್ಣೆ, ತುಪ್ಪ, ಕೆಂಪು ಮಾಂಸ ಇಳಿಸಿ, ಕಾಳು ಮತ್ತು ಸೊಪ್ಪು ಏರಿಸಿ ಎರಡು-ಮೂರು ತಿಂಗಳಿಗೆ ಮತ್ತೆ ನೋಡಿ. ಎಲ್‌ಡಿಎಲ್ 190 ದಾಟಿದ್ದರೆ ಅಥವಾ ಹೃದಯದ ತೊಂದರೆ ಮೊದಲೇ ಇದ್ದರೆ ಅಷ್ಟೂ ಕಾಯದೆ ವೈದ್ಯರಿಗೆ ತೋರಿಸಿ. ತೂಕ ತೀರಾ ವೇಗವಾಗಿ ಇಳಿದು ಬಲ ಪಕ್ಕೆಯ ಕೆಳಗೆ ನೋವು ಬಂದರೆ ಪಿತ್ತಕೋಶದ ಕಲ್ಲಿರಬಹುದು, ಸ್ಕ್ಯಾನಿಂಗ್ ಮಾಡಿಸಿ. ಏನೂ ಇಳಿಯದಿದ್ದರೆ ಅಕ್ಕಿ ಡಬ್ಬದ ಮುಚ್ಚಳದ ಲೆಕ್ಕವನ್ನು ಒಂದು ವಾರ ಮತ್ತೆ ಪ್ರಾಮಾಣಿಕವಾಗಿ ಬರೆಯಿರಿ. ಹೆಚ್ಚಿನ ಸಲ ಸಂಜೆಯ ತಿಂಡಿಯಲ್ಲೋ, "ಸ್ವಲ್ಪವೇ" ಎಂದು ಎರಡನೇ ಸಲ ಬಡಿಸಿಕೊಂಡ ಅನ್ನದಲ್ಲೋ 80-100 ಗ್ರಾಂ ಪಿಷ್ಟ ಸಿಕ್ಕಿಬೀಳುತ್ತದೆ. ಅಲ್ಲೂ ಸಿಗದಿದ್ದರೆ ಊಟವನ್ನು ಇನ್ನಷ್ಟು ಹಿಂಡಬೇಡಿ, ಔಷಧ ಬದಲಿಸುವ ಸಮಯ ಬಂದಿದೆಯೇ ಎಂದು ವೈದ್ಯರನ್ನು ಕೇಳಿ.